ಮೆಚ್ಚುಗೆಗೆ ಜಾಮೀನು ಬೇಕೆ?

ಐರ್ಲೆಂಡಿನ ಗಿಟಾರ್ ವಾದಕ, ಹಾಡುಗಾರ ರೋರಿ ಗ್ಯಾಲಹರ್‌ನ ಮಾತು ಬಂದರೆ ಅದರ ಬೆನ್ನಿಗೇ ಜಿಮಿ ಹೆಂಡ್ರಿಕ್ಸ್ ಬರುತ್ತಾನೆ. ಜಗತ್ತಿನ ಅತಿ ದೊಡ್ಡ ಗಿಟಾರ್ ವಾದಕ ಅನ್ನಿಸಿಕೊಂಡು ಹೇಗಿದೆ ಎಂದು ಯಾರೋ ಹೆಂಡ್ರಿಕ್ಸ್‌ನನ್ನು ಕೇಳಿದರಂತೆ. ನನ್ನನ್ನೇನು ಕೇಳುತ್ತೀರಿ, ಹೋಗಿ ರೋರಿಯನ್ನು ಕೇಳಿ ಎಂದನಂತೆ. ಎಲ್ಲಿ ಹೇಳಿದ, ಯಾವ ಪತ್ರಿಕೆಗೆ ಹೇಳಿದ, ಯಾವ ವರ್ಷ ಎಂದು ಹುಡುಕಹೊರಟರೆ ಕೈಗೆ ಏನೂ ಹತ್ತುವುದಿಲ್ಲ. ಇದೇ ಕತೆ ಅಮೆರಿಕದ ಟೆರಿ ಕ್ಯಾತ್ ಹೆಸರಿನಲ್ಲೂ ಓಡಾಡುತ್ತದೆ, ಫಿಲ್ ಕೇಗಿ ಹೆಸರಿನಲ್ಲೂ ಓಡಾಡುತ್ತದೆ. ಹೆಂಡ್ರಿಕ್ಸ್ ಬದುಕಿದ್ದು 27 ವರ್ಷ. ಇಷ್ಟೊಂದು ಜನರಿಗೆ ಶಿಫಾರಸು ಬರೆದುಕೊಡಲು ಅವನಿಗೆ ಯಾವಾಗ ಪುರುಸೊತ್ತಾಯಿತೋ.

ಕತೆಗೆ ಆಧಾರವಿಲ್ಲ ಎಂದು ಗೊತ್ತಿರುವವರೂ ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಅಭಿಮಾನಿಯ ಕಷ್ಟ ಅರ್ಥವಾಗುವಂಥದ್ದೇ. ತಾನು ಇಷ್ಟು ಹಚ್ಚಿಕೊಂಡಿರುವ ಸಂಗೀತಗಾರನ ಹೆಸರನ್ನೇ ಎದುರಿಗಿರುವವರು ಕೇಳಿರುವುದಿಲ್ಲ. ಕ್ಲಾಪ್ಟನ್ ಗೊತ್ತು, ಜಿಮ್ಮಿ ಪೇಜ್ ಗೊತ್ತು, ಇವನ್ಯಾರು ಎನ್ನುತ್ತಾರೆ. ಒಂಬತ್ತು ನಿಮಿಷದ ಹಾಡನ್ನು ಕೂರಿಸಿ ಕೇಳಿಸುವಷ್ಟು ತಾಳ್ಮೆ ಇಬ್ಬರಲ್ಲೂ ಇರುವುದಿಲ್ಲ. ಆಗ ಹೆಂಡ್ರಿಕ್ಸ್‌ನ ಜಾಮೀನು ಕೈಗೆ ಸುಲಭವಾಗಿ ಸಿಗುತ್ತದೆ. 'ಜಗತ್ತು ಗುರುತಿಸದೆ ಹೋದ ಪ್ರತಿಭೆ' ಎಂಬ ಬಿರುದು ಕೂಡ ಅಂಥದ್ದೇ ಒಂದು ಜಾಮೀನು: ಸಂಗೀತ ಚೆನ್ನಾಗಿದೆ ಎಂದು ಹೇಳುವ ಬದಲು ಸಂಗೀತಗಾರನಿಗೆ ಅನ್ಯಾಯವಾಗಿದೆ ಎಂದು ಹೇಳಿ ಕೇಳುಗನಲ್ಲಿ ಸ್ವಲ್ಪ ತಪ್ಪಿತಸ್ಥ ಭಾವ ಹುಟ್ಟಿಸುವ ಉಪಾಯ. ಗ್ಯಾಲಹರ್‌ನ ಕೆಲಸದಲ್ಲೇ ಅತ್ಯುತ್ತಮ ಎಂದು ನಾನು ತಿಳಿದಿರುವ 'ಐರಿಶ್ ಟೂರ್ '74' ಆಲ್ಬಮ್ಮಿಗೆ ಇಂಥ ಜಾಮೀನುಗಳಿಂದ ಆಗಿರುವುದು ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಅದನ್ನು ಮೆಚ್ಚಲು ಬೇಕಾದ ಕಾರಣಗಳೆಲ್ಲ ಅದರ ಎರಡು ಎಲ್‌ಪಿಗಳ ನಾಲ್ಕು ಬದಿಗಳಲ್ಲೇ ಇವೆ. ಮೆಚ್ಚದಿರಲು ಬೇಕಾದ ಒಂದೆರಡು ಕಾರಣಗಳೂ ಅಲ್ಲೇ ಇವೆ.

ಮೊದಲು ಮನುಷ್ಯನ ವಿಷಯ ಸ್ವಲ್ಪ. ಹುಟ್ಟಿದ್ದು 1948ರ ಮಾರ್ಚ್ 2ರಂದು, ಐರ್ಲೆಂಡಿನ ವಾಯವ್ಯಕ್ಕಿರುವ ಡೊನೆಗಾಲ್ ಸೀಮೆಯ ಬ್ಯಾಲಿಶ್ಯಾನನ್ ಎಂಬ ಸಣ್ಣ ಊರಿನಲ್ಲಿ. ಬಾಲ್ಯದ ಕೆಲವು ವರ್ಷ ಬ್ರಿಟಿಷ್ ಆಡಳಿತಕ್ಕೆ ಸೇರಿದ ಡೆರಿಯಲ್ಲಿ, ಆಮೇಲೆ ದಕ್ಷಿಣದ ಕಾರ್ಕ್ ನಗರದಲ್ಲಿ. ಹದಿಹರೆಯದಲ್ಲೇ ಶೋಬ್ಯಾಂಡ್ ಸೇರಿದ. ಊರೂರು ಸುತ್ತಿ ಆ ಕಾಲದ ಜನಪ್ರಿಯ ಹಾಡುಗಳನ್ನು ನೃತ್ಯಕ್ಕೆ ಹೊಂದುವಂತೆ ಸೂಟು ತೊಟ್ಟು ನುಡಿಸುವ ತಂಡಗಳಿಗೆ ಐರ್ಲೆಂಡಿನಲ್ಲಿ ಶೋಬ್ಯಾಂಡ್ ಎನ್ನುತ್ತಿದ್ದರು. 1963ರಲ್ಲಿ ಕಾರ್ಕಿನ ಕ್ರೌಲಿ ಅಂಗಡಿಯಲ್ಲಿ ಸೆಕೆಂಡ್‌ಹ್ಯಾಂಡ್ ಸ್ಟ್ರಾಟೋಕಾಸ್ಟರ್ ಗಿಟಾರ್ ಒಂದನ್ನು 100 ಪೌಂಡಿಗೆ, ಸಾಲದ ಮೇಲೆ ಕೊಂಡ. ಆಮೇಲೆ 'ಟೇಸ್ಟ್' ಎಂಬ ಮೂವರ ತಂಡ ಕಟ್ಟಿದ; 1970ರ ಐಲ್ ಆಫ್ ವೈಟ್ ಉತ್ಸವದಲ್ಲಿ ನುಡಿಸಿದ ಸ್ವಲ್ಪ ಕಾಲಕ್ಕೇ ಆ ತಂಡ ಮುರಿಯಿತು. 1971ರಿಂದ ತನ್ನ ಹೆಸರಿನಲ್ಲೇ ಆಲ್ಬಮ್ ತರತೊಡಗಿದ. 1973 ಒಂದೇ ವರ್ಷದಲ್ಲಿ 'ಬ್ಲೂಪ್ರಿಂಟ್', 'ಟ್ಯಾಟೂ' ಎಂಬ ಎರಡು ಬಂದವು. 1995ರ ಜೂನ್ 14ರಂದು, ಯಕೃತ್ತಿನ ಕಸಿಯಾದ ಮೇಲೆ ತಗಲಿದ ಸೋಂಕಿನಿಂದ ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು 47.

'ಐರಿಶ್ ಟೂರ್ '74' ಸ್ಟುಡಿಯೋ ಆಲ್ಬಮ್ ಅಲ್ಲ. 1973 ಮುಗಿದು 1974 ಶುರುವಾಗುವ ಚಳಿಗಾಲದಲ್ಲಿ ಬೆಲ್‌ಫಾಸ್ಟಿನ ಅಲ್‌ಸ್ಟರ್ ಹಾಲ್, ಡಬ್ಲಿನ್ನಿನ ಕಾರ್ಲ್‌ಟನ್ ಸಿನಿಮಾ, ಕಾರ್ಕಿನ ಸಿಟಿ ಹಾಲ್ ಈ ಮೂರು ಕಡೆ ಕೊಟ್ಟ ಕಾರ್ಯಕ್ರಮಗಳ ಧ್ವನಿಮುದ್ರಣದಿಂದ ಆಯ್ದದ್ದು. 'ಫೇಸಸ್' ತಂಡದಲ್ಲಿ ಬಾಸ್ ನುಡಿಸುತ್ತಿದ್ದ ರಾನಿ ಲೇನ್ ಒಂದು ಏರ್‌ಸ್ಟ್ರೀಮ್ ಟ್ರೈಲರಿನೊಳಗೆ ಟೇಪ್ ಯಂತ್ರಗಳನ್ನು ಕೂರಿಸಿ ಸಂಚಾರಿ ಸ್ಟುಡಿಯೋ ಮಾಡಿದ್ದ. ಧ್ವನಿಮುದ್ರಣ ಆ ಗಾಡಿಯಲ್ಲಿ ಆಯಿತು. ಜೊತೆಗೆ ಬಾಸ್‌ನಲ್ಲಿ ಜೆರಿ ಮೆಕವಾಯ್, ಕೀಬೋರ್ಡಿನಲ್ಲಿ ಲೂ ಮಾರ್ಟಿನ್, ಡ್ರಮ್ಮಿನಲ್ಲಿ ವೇಲ್ಸ್ ದೇಶದ ರಾಡ್ ಡಿಯಾತ್. ನಿರ್ಮಾಪಕ ಗ್ಯಾಲಹರನೇ. ಟೋನಿ ಪಾಮರ್ ಇದೇ ಪ್ರವಾಸವನ್ನು ಸಿನಿಮಾ ಮಾಡಿದ. 1974ರ ಜುಲೈಯಲ್ಲಿ ಪಾಲಿಡೋರ್ ಕಂಪನಿ ಎರಡು ಎಲ್‌ಪಿಗಳಾಗಿ ಹೊರತಂದಿತು.

ಬೆಲ್‌ಫಾಸ್ಟ್ ಎಂದಾಗ ಸ್ವಲ್ಪ ನಿಲ್ಲಬೇಕು. ಅಲ್‌ಸ್ಟರ್ ಹಾಲ್ 1862ರಲ್ಲಿ ಕಟ್ಟಿದ ಸಭಾಂಗಣ. ರಾಕ್ ಚರಿತ್ರೆಯಲ್ಲಿ ಅದಕ್ಕೊಂದು ಖಾಯಂ ಜಾಗ ಸಿಕ್ಕಿರುವುದು 1971ರ ಮಾರ್ಚ್ 5ರಂದು ಲೆಡ್ ಜೆಪ್ಲಿನ್ ತನ್ನ 'ಸ್ಟೇರ್‌ವೇ ಟು ಹೆವನ್' ಹಾಡನ್ನು ಮೊಟ್ಟಮೊದಲು ಜನರೆದುರು ನುಡಿಸಿದ್ದು ಅಲ್ಲಿ ಎಂಬ ಕಾರಣಕ್ಕೆ. ಆ ರಾತ್ರಿಯ ನಂತರದ ವರ್ಷಗಳ ಕತೆಯನ್ನು ಹೇಳುವವರು ಕಡಿಮೆ. ಉತ್ತರ ಐರ್ಲೆಂಡಿನ ಹಿಂಸಾಚಾರ ಏರುತ್ತ ಹೋಗಿ 1972ರಲ್ಲಿ ಒಂದೇ ವರ್ಷ ನಾನೂರಕ್ಕೂ ಹೆಚ್ಚು ಜನ ಸತ್ತರು. ಬೆಲ್‌ಫಾಸ್ಟಿನ ನಡುಪೇಟೆಗೆ ಬೇಲಿ ಬಿತ್ತು. ಒಳಗೆ ಹೋಗಬೇಕಾದರೆ ಮೈ ತಡವಿಸಿಕೊಂಡು ಹೋಗಬೇಕು. ಹೊರಗಿನ ಹೆಸರಾಂತ ತಂಡಗಳು ಬೆಲ್‌ಫಾಸ್ಟನ್ನು ಪ್ರವಾಸದ ಪಟ್ಟಿಯಿಂದ ಬಿಟ್ಟವು. ಯಾರನ್ನೂ ದೂರುವಂತಿಲ್ಲ, ವಿಮೆಯವರು ಒಪ್ಪಬೇಕಲ್ಲ. ಗ್ಯಾಲಹರ್ ಮಾತ್ರ ಬರುತ್ತಲೇ ಇದ್ದ. ಮೆಕವಾಯ್ ಅದೇ ಊರಿನವನು, ಮಾರ್ಟಿನ್ ಹುಟ್ಟಿದ್ದೂ ಅಲ್ಲೇ. ಕೇಳಲು ಬರುತ್ತಿದ್ದ ಹುಡುಗರಲ್ಲಿ ಕ್ಯಾಥೊಲಿಕ್ ಬೀದಿಯವರೂ ಇದ್ದರು, ಪ್ರಾಟೆಸ್ಟೆಂಟ್ ಬೀದಿಯವರೂ ಇದ್ದರು.

ಇಲ್ಲಿಗೆ ಬಂದಾಗ ಅಭಿಮಾನಿಗಳ ಬರಹ ತುಸು ಮೆತ್ತಗಾಗುತ್ತದೆ: ಬಂದೂಕುಗಳ ನಡುವೆ ಸಂಗೀತ ಜನರನ್ನು ಒಂದು ಮಾಡಿತು, ಇತ್ಯಾದಿ. ನನಗೆ ಇದು ರುಚಿಸುವುದಿಲ್ಲ. ಸಂಗೀತ ಯಾರ ಬಂದೂಕನ್ನೂ ಕೆಳಗಿಳಿಸಲಿಲ್ಲ. ಈ ಆಲ್ಬಮ್ ಬಂದ ಮರುವರ್ಷ, 1975ರ ಜುಲೈ 31ರ ರಾತ್ರಿ, ಕಾರ್ಯಕ್ರಮ ಮುಗಿಸಿ ಡಬ್ಲಿನ್ನಿಗೆ ಮರಳುತ್ತಿದ್ದ ಮಯಾಮಿ ಶೋಬ್ಯಾಂಡಿನ ವ್ಯಾನನ್ನು ದಾರಿಯಲ್ಲಿ ಅಡ್ಡಗಟ್ಟಿ ಮೂವರು ಸಂಗೀತಗಾರರನ್ನು ಕೊಂದರು. ಗ್ಯಾಲಹರ್ ತಾನು ಶಾಂತಿದೂತ ಎಂದು ಹೇಳಿಕೊಂಡು ತಿರುಗಿದವನೂ ಅಲ್ಲ. ಬರುತ್ತೇನೆ ಎಂದ ದಿನ ಬಂದು ಎರಡು ಗಂಟೆಗೂ ಮೀರಿ ನುಡಿಸಿ ಹೋಗುತ್ತಿದ್ದ, ಅಷ್ಟೇ. ಬೇರೆ ಯಾರೂ ಬರದ ಊರಿನಲ್ಲಿ ಆ 'ಅಷ್ಟೇ' ಎಂಬುದು ದೊಡ್ಡದಾಯಿತು. ಅದನ್ನು ದೊಡ್ಡದು ಮಾಡಿದವರು ಟಿಕೆಟ್ ಕೊಂಡು, ತಪಾಸಣೆ ದಾಟಿ, ಮರಳಿ ಮನೆ ಸೇರುವ ಖಾತ್ರಿ ಇಲ್ಲದೆ ಬಂದು ಕೂತವರು.

ಎಲ್‌ಪಿ ಕೇಳುತ್ತ ಕೂತವರಿಗೆ ಈ ಕೂಗು ಬೆಲ್‌ಫಾಸ್ಟಿನದೋ ಕಾರ್ಕಿನದೋ ಎಂದು ಕಿವಿಯಿಂದ ಹೇಳಲು ಬರುವುದಿಲ್ಲ. ಆದರೆ ಜನ ಇದ್ದಾರೆ ಎಂಬುದು ಪ್ರತಿ ಕ್ಷಣವೂ ಗೊತ್ತಾಗುತ್ತದೆ. ಆ ಕಾಲದ ಲೈವ್ ಆಲ್ಬಮ್ಮುಗಳಲ್ಲಿ ಜನ ಇರುವುದು ಹಾಡಿನ ಹಿಂದೆ ಒಂದು ಮುಂದೆ ಒಂದು ಚಪ್ಪಾಳೆಯಾಗಿ. ಸಂಗೀತ ಶುರುವಾದ ಕೂಡಲೇ ಅವರನ್ನು ಬಾಗಿಲಾಚೆ ದೂಡಿದಂತೆ ಸದ್ದಡಗುತ್ತದೆ. ಎಷ್ಟೋ ತಂಡಗಳು ಮನೆಗೆ ಬಂದ ಮೇಲೆ ಸ್ಟುಡಿಯೋದಲ್ಲಿ ಕೂತು ತಪ್ಪಿದ ಸ್ವರಗಳನ್ನು ತಿದ್ದಿ ತೇಪೆ ಹಾಕುತ್ತಿದ್ದುದೂ ಉಂಟು. ಇಲ್ಲಿ ಹಾಗಿಲ್ಲ. ಮೊದಲ ಹಾಡು 'ಕ್ರೇಡಲ್ ರಾಕ್' ಶುರುವಾಗುವಾಗಲೇ ಸಭಾಂಗಣದ ಗೋಡೆಗಳು ಕೇಳಿಸುತ್ತವೆ. ಡ್ರಮ್ಮಿನ ಪೆಟ್ಟು ಗೋಡೆಗೆ ಬಡಿದು ವಾಪಸು ಬರುವ ಸದ್ದು, ಚಾವಣಿಯ ಎತ್ತರ, ಮುಂದಿನ ಸಾಲಿನವರ ತಾಳ. ಗ್ಯಾಲಹರ್ ಒಂದು ಸಾಲನ್ನು ಎಳೆದು ನಿಲ್ಲಿಸಿದರೆ ಆ ನಿಲುಗಡೆಯನ್ನು ಜನ ತುಂಬುತ್ತಾರೆ. ತುಂಬುತ್ತಾರೆಂದು ಗೊತ್ತಿದ್ದೇ ಆತ ನಿಲ್ಲಿಸುತ್ತಾನೆ. ಎಲ್ಲಿ ಇನ್ನೊಂದು ಸುತ್ತು ಹೋಗಬೇಕು, ಎಲ್ಲಿ ಇಳಿಸಬೇಕು ಎಂಬುದನ್ನು ಅವನ ಬೆರಳು ಮಾತ್ರ ತೀರ್ಮಾನಿಸುತ್ತಿಲ್ಲ. ಆತ ನಿರ್ದಿಷ್ಟ ಹಾಡುಗಳ ಪಟ್ಟಿಗೆ ಅಂಟಿಕೊಂಡು ನುಡಿಸುವವನಲ್ಲ, ಹಾಡಿನ ಉದ್ದವೂ ಒಂದೊಂದು ರಾತ್ರಿ ಒಂದೊಂದು ಬಗೆ. ಹಾಗಿರುವಾಗ ಎದುರಿಗಿರುವವರ ಉಸಿರಾಟವೇ ಅವನಿಗೆ ಅಳತೆ. ಈ ಆಲ್ಬಮ್ಮಿನ ಕೇಳುಗರು ಅದರ ತಯಾರಿಕೆಯಲ್ಲಿ ಪಾಲುಗೊಂಡವರು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಗಿಟಾರ್ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಗಂಟಲಿನ ಬಗ್ಗೆ ಯಾರೂ ಬರೆಯುವುದಿಲ್ಲ. ಗ್ಯಾಲಹರ್‌ಗೆ ನಿಜವಾಗಿ ಅನ್ಯಾಯವಾಗಿದ್ದರೆ ಅದು ಇಲ್ಲಿ, ಅದೂ ಅಭಿಮಾನಿಗಳಿಂದಲೇ. ಅವನದು ಲೆಡ್ ಜೆಪ್ಲಿನ್ ತಂಡದ ರಾಬರ್ಟ್ ಪ್ಲಾಂಟ್‌ನ ಹಾಗೆ ಚಾವಣಿ ಮುಟ್ಟುವ ಕಂಠವಲ್ಲ; 'ಫ್ರೀ' ತಂಡದ ಪಾಲ್ ರಾಜರ್ಸ್‌ನ ತುಂಬು ಶಾರೀರವೂ ಅಲ್ಲ. ಸ್ವಲ್ಪ ಒರಟು, ಮೇಲಿನ ಸ್ವರಗಳಲ್ಲಿ ಕಿತ್ತುಕೊಂಡು ಬರುವ, ಕೆಳಗಿಳಿದಾಗ ಮಾತಿಗೆ ಹತ್ತಿರವಾಗುವ ದನಿ. ಅದನ್ನು ಒಂಟಿಯಾಗಿ ತೂಗಿದರೆ ಸಾಧಾರಣವೆನ್ನಿಸೀತು. ಆದರೆ ಅದು ಒಂಟಿಯಾಗಿ ಎಲ್ಲಿಯೂ ಇಲ್ಲವಲ್ಲ. ನಮ್ಮ ಕಛೇರಿಯಲ್ಲಿ ಹಾಡುವವರ ಬೆನ್ನಿಗೆ ಪಿಟೀಲು ಬರುತ್ತದೆ: ಸಾಲು ಮುಗಿದಲ್ಲಿ ಹಿಡಿದುಕೊಳ್ಳುತ್ತದೆ, ಹಾಡಿದ್ದನ್ನೇ ಮತ್ತೆ ಹೇಳುತ್ತದೆ, ಕೆಲವೊಮ್ಮೆ ಹಾಡುವವರು ಯೋಚಿಸದ ಒಂದು ಸಣ್ಣ ತಿರುವನ್ನು ತೋರಿಸಿ ಸುಮ್ಮನಾಗುತ್ತದೆ. ಬ್ಲೂಸ್ ಹಾಡುತ್ತ ನುಡಿಸುವವನಲ್ಲಿ ಆ ಇಬ್ಬರೂ ಒಂದೇ ಮೈಯೊಳಗಿದ್ದಾರೆ. ಕ್ಲಾಪ್ಟನ್ 'ಕ್ರೀಮ್' ತಂಡದಲ್ಲಿದ್ದಾಗ ಹೆಚ್ಚಿನ ಹಾಡುಗಾರಿಕೆ ಜ್ಯಾಕ್ ಬ್ರೂಸ್‌ನದು. ಪೇಜ್‌ಗೆ ಪ್ಲಾಂಟ್ ಇದ್ದ. ಜೆಫ್ ಬೆಕ್‌ಗೆ ರಾಡ್ ಸ್ಟುವರ್ಟ್ ಇದ್ದ. ಗ್ಯಾಲಹರ್ ಸಾಲು ಹಾಡಿ ಮುಗಿಸಿದ ಉಸಿರಿನಲ್ಲೇ ಗಿಟಾರ್ ಉತ್ತರ ಕೊಡಬೇಕು, ಉತ್ತರ ಮುಗಿಯುವ ಮೊದಲೇ ಮುಂದಿನ ಸಾಲಿಗೆ ಬಾಯಿ ತೆರೆಯಬೇಕು. ಅವನ ಗಿಟಾರ್ ಸಾಲುಗಳು ಅಷ್ಟು ಚುರುಕಾಗಿ, ಅಷ್ಟು ಗಿಡ್ಡವಾಗಿ, ಮಾತಿನ ಲಯದಲ್ಲಿ ಇರುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ. ಅವು ಹಾಡುವವನ ವಾಕ್ಯಗಳು. ಗಿಟಾರನ್ನು ಮಾತ್ರ ಕೊಂಡಾಡುವವರು ಸಂಭಾಷಣೆಯಲ್ಲಿ ಒಬ್ಬನ ಮಾತನ್ನಷ್ಟೇ ಬರೆದುಕೊಳ್ಳುತ್ತಿದ್ದಾರೆ.

'ಎ ಮಿಲಿಯನ್ ಮೈಲ್ಸ್ ಅವೇ' ಕೇಳಿದರೆ ಇದು ಕೈಗೇ ಸಿಗುತ್ತದೆ. ಹಾಡು 'ಟ್ಯಾಟೂ' ಆಲ್ಬಮ್ಮಿನದು, ಆ ಚಳಿಗಾಲದಲ್ಲಿ ಹೊಸದು. ತುಂಬಿ ಗಿಜಿಗುಡುವ ಜಾಗದಲ್ಲಿ ಕೂತವನೊಬ್ಬನ ಮನಸ್ಸು ಅಲ್ಲಿಲ್ಲ. ಸುತ್ತ ಗದ್ದಲ, ಒಳಗೆ ಕಡಲಾಚೆಯ ದೂರ. ವಿಷಯ ಅಷ್ಟೇ. ಲೈವ್ ರೂಪ ಒಂಬತ್ತು ನಿಮಿಷಕ್ಕೂ ಹೆಚ್ಚು. ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವ ನಿಧಾನದ ಸ್ವರಮಾಲೆಯಿಂದ ಶುರು. ದನಿ ಬಂದಾಗ ಅದು ಸ್ವಲ್ಪವೂ ಏರುವುದಿಲ್ಲ, ಪಕ್ಕದವನಿಗೆ ಹೇಳುವಷ್ಟೇ. ಪ್ರತಿ ಸಾಲಿನ ಕೊನೆಯ ಖಾಲಿಯಲ್ಲಿ ಗಿಟಾರ್ ಎರಡೋ ಮೂರೋ ಸ್ವರ ಇಟ್ಟು ಹಿಂದೆ ಸರಿಯುತ್ತದೆ. ಸ್ಟ್ರಾಟೋಕಾಸ್ಟರಿನಲ್ಲಿ ವಾಲ್ಯೂಮ್ ತಿರುಗಿಸುವ ಗುಂಡಿ ಬಲಗೈಯ ಕಿರುಬೆರಳಿಗೆ ಎಟುಕುವಷ್ಟು ಹತ್ತಿರದಲ್ಲಿರುತ್ತದೆ. ಮೀಟುವ ಕೈ ಮೀಟುತ್ತಿರುವಾಗಲೇ ಸದ್ದನ್ನು ಏರಿಸಿ ಇಳಿಸಬಹುದು. ಗ್ಯಾಲಹರ್ ಆ ಸೌಲಭ್ಯವನ್ನು ಪೂರ್ತಿ ಬಳಸಿಕೊಂಡವನು. ಕಾಲಕೆಳಗೆ ಸಾಲು ಸಾಲು ಪೆಡಲ್ ಇಟ್ಟುಕೊಳ್ಳುವ ಅಭ್ಯಾಸ ಆಗ ಅವನಿಗಿರಲಿಲ್ಲ. ತಂಡ ಏರಿದಾಗ ದನಿಯೂ ಏರಿ ಒಡೆಯುತ್ತದೆ, ಒಡೆದ ಜಾಗದಿಂದ ಗಿಟಾರ್ ಎತ್ತಿಕೊಳ್ಳುತ್ತದೆ. ದೊಡ್ಡ ಏಕವ್ಯಕ್ತಿ ಪ್ರದರ್ಶನಕ್ಕೆ ಇಲ್ಲಿ ಜಾಗವಿತ್ತು, ಆತ ತೆಗೆದುಕೊಳ್ಳಲಿಲ್ಲ. ನಡುವಿನಲ್ಲಿ ಎಲ್ಲವನ್ನೂ ಬಹುತೇಕ ಶೂನ್ಯಕ್ಕಿಳಿಸಿ ಮತ್ತೆ ಕಟ್ಟುತ್ತಾನೆ. ಕುಣಿಯಲು ಬಂದ ಜನ ಆ ಹೊತ್ತು ತಡೆದುಕೊಂಡಿರುವುದು ಕೂಡ ಟೇಪಿನಲ್ಲಿದೆ. ಗದ್ದಲದ ನಡುವಿನ ಒಂಟಿತನದ ಹಾಡನ್ನು ಗದ್ದಲ ಮಾಡಲು ಬಂದವರ ಎದುರು ಹಾಡುವುದು, ಅವರು ಅದಕ್ಕೆ ಅವಕಾಶ ಕೊಡುವುದು: ಸ್ಟುಡಿಯೋ ರೂಪ ಎಷ್ಟೇ ಚೊಕ್ಕವಾಗಿದ್ದರೂ ಇದು ಅಲ್ಲಿ ಸಾಧ್ಯವಿಲ್ಲ.

ಟೋನಿ ಜೋ ವೈಟ್ ಬರೆದ 'ಆ್ಯಸ್ ದ ಕ್ರೋ ಫ್ಲೈಸ್' ಬಂದಾಗ ತಂಡದವರು ಬದಿಗೆ ಸರಿಯುತ್ತಾರೆ. ವಿದ್ಯುತ್ ಗಿಟಾರ್ ಕೆಳಗಿಟ್ಟು ಆತ ಒಬ್ಬನೇ, ಕೊರಳಿಗೆ ಹಾರ್ಮೋನಿಕಾ. ಇಡೀ ಆಲ್ಬಮ್ಮಿನಲ್ಲಿ ನನಗೆ ಅತಿ ಇಷ್ಟದ ಕೆಲವು ನಿಮಿಷಗಳಲ್ಲಿ ಇದೂ ಒಂದು. ಜೆ. ಬಿ. ಹಟ್ಟೊನ 'ಟೂ ಮಚ್ ಆಲ್ಕೊಹಾಲ್' ಇನ್ನೊಂದು ಬಗೆ: ತಮಾಷೆಯ ಕುಡುಕನ ಹಾಡು, ಜನ ಹುಚ್ಚೆದ್ದು ಕೂಗುತ್ತಾರೆ. ಅದನ್ನು ಇಂದು ಕೇಳುವವರಿಗೆ ಇಪ್ಪತ್ತೊಂದು ವರ್ಷದ ನಂತರದ ಆಸ್ಪತ್ರೆ ನೆನಪಾಗುತ್ತದೆ, ಮುಖ ಗಂಭೀರವಾಗುತ್ತದೆ. ಆ ಸಭಾಂಗಣದಲ್ಲಿದ್ದ ಯಾರಿಗೂ ಹಾಗಾಗಿರಲಿಲ್ಲ. ಸಾವನ್ನು ಹಿಂದಕ್ಕೆ ಎಳೆದು ತಂದು ಹಾಡಿನ ಮೇಲೆ ಹೊದಿಸುವುದೂ ಒಂದು ರೀತಿಯ ಕಿವುಡುತನವೇ.

ಇನ್ನು ದೋಷಗಳು. 'ಐ ವಂಡರ್ ಹೂ' ನನ್ನ ಕಿವಿಗೆ ಉದ್ದವಾಯಿತು. ನಿಧಾನದ ಬ್ಲೂಸಿನ ಹನ್ನೆರಡು ಬಾರ್‌ಗಳ ಚೌಕಟ್ಟಿನಲ್ಲಿ ಆತ ಹೊಸದೇನನ್ನೂ ಹೇಳದೆ ಎರಡು ಸುತ್ತು ಹೆಚ್ಚು ಸುತ್ತುತ್ತಾನೆ. 'ವಾಕ್ ಆನ್ ಹಾಟ್ ಕೋಲ್ಸ್' ಹನ್ನೊಂದು ನಿಮಿಷ ದಾಟುತ್ತದೆ. ಅದರ ಮಧ್ಯದ ಒಂದು ಭಾಗ ಅಲ್ಲಿದ್ದವರಿಗೆ ಹಬ್ಬ, ಮನೆಯಲ್ಲಿ ಕೂತವರಿಗೆ ಅಲ್ಲ. ಲೂ ಮಾರ್ಟಿನ್‌ನಂಥ ಒಳ್ಳೆಯ ಪಿಯಾನೋ ವಾದಕ ಹಲವೆಡೆ ಸದ್ದಿನಡಿ ಹೂತುಹೋಗಿದ್ದಾನೆ. ಸಾಹಿತ್ಯದ ದೃಷ್ಟಿಯಿಂದ ಹೆಚ್ಚಿನ ಹಾಡುಗಳು ಸಾದಾ. 'ಟ್ಯಾಟೂಡ್ ಲೇಡಿ'ಯ ಜಾತ್ರೆಯ ಆಟದವರ ಲೋಕ ಮತ್ತು ಮೇಲೆ ಹೇಳಿದ ಕಡಲಿನ ಹಾಡು ಬಿಟ್ಟರೆ ಮನಸ್ಸಿನಲ್ಲಿ ಉಳಿಯುವ ಚಿತ್ರಗಳು ಕಡಿಮೆ. ಇದನ್ನು ಒಪ್ಪಿಕೊಂಡರೆ ಗ್ಯಾಲಹರ್ ಸಣ್ಣವನಾಗುತ್ತಾನೆ ಎಂದು ಹೆದರುವವರು ಅವನನ್ನು ಮೊದಲೇ ಸಣ್ಣವನೆಂದು ಬಗೆದವರು.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಆತ ಹೊಸದೇನು ಮಾಡಿದ? ಹೆಂಡ್ರಿಕ್ಸ್ ಗಿಟಾರಿನ ಶಬ್ದವನ್ನೇ ಬದಲಿಸಿದ. ಪೇಜ್ ಸ್ಟುಡಿಯೋವನ್ನೇ ಒಂದು ವಾದ್ಯ ಮಾಡಿಕೊಂಡ. ಗ್ಯಾಲಹರ್ ಅಮೆರಿಕದ ಕರಿಯರ ಬ್ಲೂಸನ್ನು ಕಾರ್ಕಿನಲ್ಲಿ ಕೂತು ಕಲಿತು, ಅದನ್ನು ಜೋರಾಗಿ, ನಿಷ್ಠೆಯಿಂದ ನುಡಿಸಿದ. ಚರಿತ್ರೆಯ ಪುಸ್ತಕದಲ್ಲಿ ಅವನಿಗೆ ಒಂದು ಪ್ಯಾರಾ ಸಿಕ್ಕಿದ್ದರೆ ಅದು ಸರಿಯಾದ ಅಳತೆಯೇ ಎನ್ನುವವರಿದ್ದಾರೆ. ವಾದದಲ್ಲಿ ಹುರುಳಿದೆ. ಹೊಸತನವೊಂದೇ ಅಳತೆಗೋಲಾದರೆ ಗ್ಯಾಲಹರ್ ಮೊದಲ ಸಾಲಿಗೆ ಬರುವುದಿಲ್ಲ, ನಾನು ಅದಕ್ಕಾಗಿ ಜಗಳವಾಡುವುದೂ ಇಲ್ಲ. ಆದರೆ ಹೊಸತನದ ಅಳತೆಗೋಲಿಗೆ ಒಂದು ದೌರ್ಬಲ್ಯವಿದೆ: ಅದು ಯಾರು ಮೊದಲು ಮಾಡಿದರು ಎಂದು ಹೇಳುತ್ತದೆ, ಯಾವುದನ್ನು ಮತ್ತೆ ಮತ್ತೆ ಕೇಳಬೇಕೆನಿಸುತ್ತದೆ ಎಂದು ಹೇಳುವುದಿಲ್ಲ. ಇರುವ ಚೌಕಟ್ಟಿನೊಳಗೆ ಒಂದು ರಾತ್ರಿಯ ಮಟ್ಟಿಗೆ ಎಲ್ಲವನ್ನೂ ಸುರಿಯುವ ಕಲಾವಿದರ ಬೆಲೆ ಕಟ್ಟಲು ಆ ಕೋಲಿನಲ್ಲಿ ಗುರುತುಗಳೇ ಇಲ್ಲ. ಮನೋಧರ್ಮದ ಸಂಗೀತ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಅವನನ್ನು ಗುರುತಿಸದೆ ಹೋದವರು ಯಾರು? ಎಪ್ಪತ್ತರ ದಶಕದ ಆರಂಭದಲ್ಲಿ ಬ್ರಿಟನ್ನಿನ 'ಮೆಲೊಡಿ ಮೇಕರ್' ವಾರಪತ್ರಿಕೆಯ ಓದುಗರು ಕ್ಲಾಪ್ಟನ್‌ನನ್ನು ಹಿಂದಿಕ್ಕಿ ಅವನನ್ನು ಗಿಟಾರ್ ವಾದಕರಲ್ಲಿ ಮೊದಲ ಸ್ಥಾನಕ್ಕೆ ಆರಿಸಿದ್ದರು. 1977ರ ಜುಲೈಯಲ್ಲಿ ಜರ್ಮನಿಯ ಟಿವಿ ಕಾರ್ಯಕ್ರಮ 'ರಾಕ್‌ಪಲಾಸ್ಟ್' ರಾತ್ರಿಯಿಡೀ ನಡೆದ ಕಛೇರಿಯನ್ನು ಯುರೋಪಿನ ಹಲವು ದೇಶಗಳಿಗೆ ನೇರ ಪ್ರಸಾರ ಮಾಡಿದಾಗ ವೇದಿಕೆಯಲ್ಲಿದ್ದವರಲ್ಲಿ ಅವನೂ ಒಬ್ಬ. ಜಪಾನಿನಲ್ಲಿ ಅವನಿಗಾಗಿ ಜನ ಕಾದಿದ್ದರು. ಕೈತಪ್ಪಿದ್ದು ಮುಖ್ಯವಾಗಿ ಅಮೆರಿಕದ ಮಾರುಕಟ್ಟೆ, ಮತ್ತು ರಾಕ್ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಆ ಮಾರುಕಟ್ಟೆಯ ಲೆಕ್ಕದ ಪುಸ್ತಕ ನೋಡಿ ಬರೆದರು. ಅದಕ್ಕೆ ಗ್ಯಾಲಹರನ ಪಾಲೂ ಇದೆ. ಸಿಂಗಲ್ ಬಿಡುವುದಿಲ್ಲ ಎಂದು ಹಟ ಹಿಡಿದ. ಹಾಡನ್ನು ರೇಡಿಯೋಗಾಗಿ ಮೂರು ನಿಮಿಷಕ್ಕೆ ಕತ್ತರಿಸುವುದು ಅವನಿಗೆ ಒಗ್ಗಲಿಲ್ಲ. ಗಿಟಾರ್ ವಾದಕ ಮಿಕ್ ಟೇಲರ್ ತಂಡ ಬಿಟ್ಟುಹೋದ ಮೇಲೆ 1975ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ಸ್ ಅವನನ್ನು ರಾಟರ್‌ಡ್ಯಾಮಿಗೆ ಕರೆಸಿಕೊಂಡಿತು. ಕೆಲವು ರಾತ್ರಿ ಅವರ ಜೊತೆ ನುಡಿಸಿ, ಮೊದಲೇ ಒಪ್ಪಿಕೊಂಡಿದ್ದ ಜಪಾನ್ ಪ್ರವಾಸದ ವಿಮಾನ ಹತ್ತಿದ. ಅಭಿಮಾನಿಗಳು ಈ ಪ್ರಸಂಗವನ್ನು ಹೇಳುವಾಗ ಒಂದು ನಿಟ್ಟುಸಿರು ಇರುತ್ತದೆ, ಅಯ್ಯೋ ಸೇರಿದ್ದರೆ ಎಂದು. ಸೇರಿದ್ದರೆ ಮಿಕ್ ಜ್ಯಾಗರ್‌ನ ಪಕ್ಕ ನಿಂತು ಇನ್ನೊಬ್ಬರ ಹಾಡಿಗೆ ಗಿಟಾರ್ ನುಡಿಸುತ್ತಿದ್ದ, ಹಾಡುತ್ತಿರಲಿಲ್ಲ. ಹಾಡು ಮತ್ತು ಗಿಟಾರ್ ಒಂದೇ ಉಸಿರಿನಲ್ಲಿರುವುದೇ ಅವನ ವಿಶೇಷ ಎಂದು ಒಪ್ಪಿದವರು ಆ ನಿಟ್ಟುಸಿರು ಬಿಡಬಾರದು.

ಎಲ್ಲ ಜಾಮೀನೂ ಪೊಳ್ಳಲ್ಲ ಎಂಬುದನ್ನೂ ಹೇಳಬೇಕು. 'ಕ್ವೀನ್' ತಂಡದ ಬ್ರಯಾನ್ ಮೇ ತಾನು ಹುಡುಗನಾಗಿದ್ದಾಗ ಕಾರ್ಯಕ್ರಮ ಮುಗಿದ ಮೇಲೆ ಗ್ಯಾಲಹರ್‌ನ ಬಳಿ ಹೋಗಿ, ಈ ಸದ್ದು ಹೇಗೆ ಬರುತ್ತದೆ ಎಂದು ಕೇಳಿದ್ದನ್ನು ಹಲವು ಬಾರಿ ಹೇಳಿಕೊಂಡಿದ್ದಾನೆ. ಗ್ಯಾಲಹರ್ ಬಚ್ಚಿಡದೆ ತೋರಿಸಿದ: ವಾಕ್ಸ್ ಎಸಿ30 ಆಂಪ್ಲಿಫೈಯರ್, ಅದರ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಸಣ್ಣ ಪೆಟ್ಟಿಗೆ. ಆಮೇಲೆ ಮೇ ಅದೇ ದಾರಿ ಹಿಡಿದು ತನ್ನದೇ ಸದ್ದು ಮಾಡಿಕೊಂಡ. ಈ ಕತೆಗೂ ಹೆಂಡ್ರಿಕ್ಸ್ ಕತೆಗೂ ಅಜಗಜಾಂತರ. ಹೆಂಡ್ರಿಕ್ಸ್ ಕತೆ ನಮ್ಮ ಕಿವಿಗೆ ಏನನ್ನೂ ಕೊಡುವುದಿಲ್ಲ. ಮೇ ಹೇಳಿದ್ದನ್ನು ತಿಳಿದ ಮೇಲೆ ಆ ವರ್ಷಗಳ ಧ್ವನಿಮುದ್ರಣಗಳಲ್ಲಿ ಗಿಟಾರಿನ ಮೇಲಿನ ಸ್ವರಗಳು ಅಷ್ಟೊಂದು ಹರಿತವಾಗಿ, ಆದರೂ ಒಡೆಯುವ ಅಂಚಿನಲ್ಲಿ ಏಕೆ ಇವೆ ಎಂಬುದು ಕೇಳಿಸತೊಡಗುತ್ತದೆ. ದೊಡ್ಡವರ ಮಾತಿಗೆ ಬೆಲೆ ಬರುವುದು ಅದು ನಮ್ಮನ್ನು ಹಾಡಿನ ಹತ್ತಿರ ಕರೆದೊಯ್ದಾಗ.

ಮೆಚ್ಚುಗೆ ಹಾಡಿನಿಂದ ದೂರ ಸರಿದದ್ದಕ್ಕೆ ಈಚಿನ ಉದಾಹರಣೆ ಕ್ರೌಲಿ ಅಂಗಡಿಯಲ್ಲಿ ಕೊಂಡ ಅದೇ ಸ್ಟ್ರಾಟೋಕಾಸ್ಟರ್. 1961ರಲ್ಲಿ ತಯಾರಾದದ್ದು, ಕ್ರಮಸಂಖ್ಯೆ 64351. ಒಮ್ಮೆ ಡಬ್ಲಿನ್ನಿನಲ್ಲಿ ಕಳುವಾಗಿ, ಮಳೆಯಲ್ಲಿ ನೆನೆದು ಮರಳಿ ಸಿಕ್ಕಿತು. ವರ್ಷಗಟ್ಟಲೆ ಬೆವರು ಕುಡಿದು ಬಣ್ಣವೆಲ್ಲ ಹೋಗಿ ಬರಿಯ ಮರ ಕಾಣುತ್ತಿತ್ತು. 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಶುಲ್ಕವೆಲ್ಲ ಸೇರಿ ಒಂಬತ್ತು ಲಕ್ಷ ಪೌಂಡಿನ ಹತ್ತಿರಕ್ಕೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. 2025ರ ಜನವರಿಯಲ್ಲಿ ಅಲ್‌ಸ್ಟರ್ ಹಾಲಿನ ಹೊರಗೆ ಅವನ ಕಂಚಿನ ಪ್ರತಿಮೆಯೂ ನಿಂತಿತು. ಇದರಲ್ಲಿ ತಪ್ಪೇನೂ ಇಲ್ಲ, ಖಾಸಗಿ ಶ್ರೀಮಂತರ ಗಾಜಿನ ಪೆಟ್ಟಿಗೆ ಸೇರುವುದಕ್ಕಿಂತ ಸಾರ್ವಜನಿಕ ಜಾಗ ಲೇಸು. ಆದರೆ ಗಿಟಾರಿನ ಕ್ರಮಸಂಖ್ಯೆ ಬಾಯಿಪಾಠ ಇರುವ ಅಭಿಮಾನಿಗೆ 'ಎ ಮಿಲಿಯನ್ ಮೈಲ್ಸ್ ಅವೇ' ಏನು ಹೇಳುತ್ತದೆ ಎಂದು ಕೇಳಿ ನೋಡಿ. ಬಹಳ ಸಲ ಉತ್ತರ ಗಿಟಾರ್ ಸೋಲೋದಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ಕಳಚಿದ ಬಣ್ಣ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ದನಿ ಬರುವುದಿಲ್ಲ.

ಹಾಡಿನ ಹತ್ತಿರ ಹೋಗಬೇಕೆನ್ನುವವರಿಗೆ ಒಂದು ಒಳ್ಳೆಯ ಅವಕಾಶ 2014ರಿಂದ ಇದೆ. ಆಲ್ಬಮ್ಮಿಗೆ ನಲವತ್ತು ತುಂಬಿದ ನೆಪದಲ್ಲಿ ಏಳು ಸಿಡಿ ಮತ್ತು ಒಂದು ಡಿವಿಡಿಯ ಪೆಟ್ಟಿಗೆ ಬಂತು. ಕಾರ್ಕ್, ಡಬ್ಲಿನ್, ಬೆಲ್‌ಫಾಸ್ಟ್ ಮೂರೂ ಊರುಗಳ ಕಾರ್ಯಕ್ರಮಗಳು ಅದರಲ್ಲಿವೆ. ಒಂದೇ ಹಾಡು ಮೂರು ಊರಿನಲ್ಲಿ ಮೂರು ಬಗೆಯಾಗುವುದನ್ನು ಈಗ ಯಾರು ಬೇಕಾದರೂ ತಾಳೆ ನೋಡಬಹುದು. ಬೆಲ್‌ಫಾಸ್ಟಿನ ಜನರನ್ನು ಬೆಲ್‌ಫಾಸ್ಟಿನ ಜನರೆಂದು ತಿಳಿದೇ ಕೇಳಬಹುದು. ಎಲ್ಲವನ್ನೂ ಕೇಳಿದ ಮೇಲೆ ನಾನು ಮರಳುವುದು ಗ್ಯಾಲಹರ್ ತಾನೇ ಆಯ್ದು ಜೋಡಿಸಿದ ಆ ಎರಡು ಎಲ್‌ಪಿಗಳಿಗೆ. 'ಐ ವಂಡರ್ ಹೂ' ಬಗೆಗಿನ ತಕರಾರು ಹಾಗೇ ಇದೆ. ಆದರೆ ಏರು, ಇಳಿವು, ಒಬ್ಬಂಟಿ ಹಾಡು, ಆಮೇಲೆ ಕಡಲಿನ ಹಾಡು ಎಂಬ ಆ ಕ್ರಮವನ್ನು ಕಟ್ಟಿದವನಿಗೆ ತನ್ನ ಕೇಳುಗರು ಎಷ್ಟು ಹೊತ್ತು ಕುಣಿದು ಎಲ್ಲಿ ಸುಮ್ಮನಾಗುತ್ತಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಕಾರ್ಕಿನ ರಾತ್ರಿ ಮೇಲು, ಬೆಲ್‌ಫಾಸ್ಟಿನ ರಾತ್ರಿ ಮೇಲು ಎನ್ನುವವರು ಇರಬಹುದು. ಅವರೊಡನೆ ವಾದಕ್ಕೆ ಕೂರಲು ನನಗೆ ಸಂತೋಷವೇ; ಆ ವಾದದಲ್ಲಿ ಹೆಂಡ್ರಿಕ್ಸ್‌ನನ್ನು ಯಾರೂ ಸಾಕ್ಷಿಗೆ ಕರೆಯುವ ಪ್ರಮೇಯ ಬರುವುದಿಲ್ಲ.